ಕೆಂಪು ಬಾಗಿಲಿನ ಛತ್ರ

ಆಗಸ್ಟ್ 9, ಶನಿವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ನಿನ್ನೆ ಬಲಗೈಯ ಪ್ಲಾಸ್ಟರ್ ಬಿಚ್ಚಿದರು. ಮಣಿಕಟ್ಟಿನ ಮೂಳೆ ಕೂಡಿದೆ. ಬೆರಳುಗಳು ಮಡಚುತ್ತಿಲ್ಲ. ಪ್ಲಾಸ್ಟರಿನಿಂದ ಹೊರಬಂದದ್ದು ನನ್ನ ಕೈಯಲ್ಲ, ಯಾರೋ ಮರೆತು ಬಿಟ್ಟುಹೋದ ಕೈಗವಸು.

ಇಷ್ಟಕ್ಕೇ ಸುಸ್ತಾಯಿತು. ಸಾಕು.

ಆಗಸ್ಟ್ 10, ಭಾನುವಾರ

ತಮ್ಮ ದಿನೇಶ್ ಕುಮಾರಸ್ವಾಮಿ ಲೇಔಟ್‌ನಿಂದ ಬಂದಿದ್ದ. ಅವನ ಮನೆಯಲ್ಲಿ ನನಗೊಂದು ಕೋಣೆ ಸಿದ್ಧವಾಗುತ್ತಿದೆಯಂತೆ. ಒಬ್ಬಳೇ ಇರುವವಳು, ಗ್ಯಾಸ್ ಹಚ್ಚಲಾರಳು, ಕುಕ್ಕರ್ ಮುಚ್ಚಲಾರಳು, ಹೀಗೆ ಎಷ್ಟು ದಿನ ಎಂದ. ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಅದೇ ತೊಂದರೆ.

"ದಸರಾ ತನಕ ನೋಡೋಣ ಅಕ್ಕ. ಅಷ್ಟರಲ್ಲಿ ಕೈ ಸರಿಹೋಗ್ಲಿಲ್ಲ ಅಂದ್ರೆ ನಮ್ಮನೆಗೆ ಬಂದ್ಬಿಡು."

ಒಪ್ಪಿದೆ.

ಅವನ ಹೆಂಡತಿ ಸುಧಾಮಣಿ ನಿಂಬೆಕಾಯಿ ಉಪ್ಪಿನಕಾಯಿ ಕಳಿಸಿದ್ದಾಳೆ. ಹೊರಡುವಾಗ ದಿನೇಶ್ ಬಾಟಲಿಯ ಮುಚ್ಚಳವನ್ನು ಇನ್ನೊಂದು ಸುತ್ತು ಬಿಗಿಮಾಡಿ ಮೇಜಿನ ಮೇಲಿಟ್ಟ. "ಇದನ್ನ ನೀನೇ ತೆಗೆದ ದಿನ ನಾನು ಬಾಯಿ ಮುಚ್ಕೊಂಡು ಇರ್ತೀನಿ."

ಜಯನಗರದ ಈ ಎರಡು ಕೋಣೆಯ ಮನೆ ನಾನು ವಿಮಾ ಕಚೇರಿಯಲ್ಲಿ ದುಡಿದು ಕೊಂಡದ್ದು. ಗೋಡೆಗಳ ತುಂಬ ಪುಸ್ತಕ. ಯಾವ ದೇಶದ ಕಾದಂಬರಿ ಎಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ.

ಆಗಸ್ಟ್ 14, ಗುರುವಾರ

ಫಿಸಿಯೋಥೆರಪಿ. ಸಮನ್ವಿತಾ ಎಂಬ ಚಿಕ್ಕ ಹುಡುಗಿ. "ನೋವಾದ್ರೆ ಹೇಳಿ ಆಂಟಿ. ಆಗ್ದೇ ಇದ್ರೂ ಹೇಳಿ, ಇನ್ನೂ ಸ್ವಲ್ಪ ಮಡಚ್ತೀನಿ" ಎಂದಳು. ಮಡಚಿದಳು.

ಬಟ್ಟೆ ಕ್ಲಿಪ್ಪು ಹಿಚುಕಬೇಕು, ಕಡಲೆಕಾಳು ಒಂದೊಂದಾಗಿ ಹೆಕ್ಕಬೇಕು. ಮನೆಯಲ್ಲಿ ದಿನವೂ ಮಾಡಿದರೆ ಸರಿಹೋಗಬಹುದು, ಬಿಟ್ಟರೆ ಬೆರಳು ಹೀಗೇ ನಿಂತುಬಿಡಬಹುದು ಎಂದಳು. "ಬಹುದು" ಎಂಬುದನ್ನು ಎರಡು ಕಡೆಗೂ ಬಳಸಿದಳು. ಪ್ರಾಮಾಣಿಕ ಹುಡುಗಿ.

ಕೆಳಗಿನ ಮನೆಯ ಸಪ್ಪಲಮ್ಮ ಬಸ್ಸಾರು ತಂದುಕೊಟ್ಟರು. ಬಾಗಿಲಲ್ಲೇ ತೆಗೆದುಕೊಂಡೆ. ಪಾತ್ರೆ ಬರಿದೇ ಹಿಂತಿರುಗಿಸಬಾರದೆಂದು ಒಂದಿಷ್ಟು ಸಕ್ಕರೆ ಹಾಕಿಕೊಟ್ಟೆ.

ಆಗಸ್ಟ್ 18, ಸೋಮವಾರ

ಕಡಲೆಕಾಳು ಹೆಕ್ಕುವುದು ಅವಮಾನ. ಹೆಕ್ಕಿ ಏನು ಮಾಡಬೇಕು? ಮತ್ತೆ ಚೆಲ್ಲಬೇಕು.

ಸಮನ್ವಿತಾಗೆ ಹಾಗೆಂದೆ. ಮನೆಯಲ್ಲಿ ಸಣ್ಣ ಸಣ್ಣ ಸಾಮಾನು ಹಿಡಿದು ಜೋಡಿಸುವಂಥ ಕೆಲಸ ಬೇರೆ ಏನಿದೆ ಎಂದು ಕೇಳಿದಳು. ಬರುತ್ತಾ ದಾರಿಯಲ್ಲಿ ನೆನಪಾಯಿತು. ಅಮ್ಮನ ಛತ್ರ.

ಮಂಚದ ಕೆಳಗೆ ಬಿಸ್ಕತ್ತಿನ ದೊಡ್ಡ ಡಬ್ಬಿಯಲ್ಲಿದೆ. ಅಪ್ಪ ಕಂಟೋನ್ಮೆಂಟಿನ ಯಾವುದೋ ಹರಾಜಿನಲ್ಲಿ ನಮ್ಮಿಬ್ಬರಿಗೆ ತಂದ, ಕಟ್ಟಡ ಕಟ್ಟುವ ವಿಲಾಯಿತಿ ಆಟದ ಸಾಮಾನು. ತುಂಬ ರಂಧ್ರಗಳಿರುವ ಕಂದು ಪೀಠ. ರಂಧ್ರಕ್ಕೆ ತೆಳುವಾದ ಉಕ್ಕಿನ ಕಡ್ಡಿಗಳನ್ನು ನಿಲ್ಲಿಸಬೇಕು. ಎರಡು ಕಡ್ಡಿಗಳ ನಡುವೆ ಉಗುರಿನಷ್ಟಗಲದ ಇಟ್ಟಿಗೆಗಳನ್ನು ಮೇಲಿನಿಂದ ಇಳಿಸುತ್ತ ಹೋದರೆ ಗೋಡೆ. ಕಿಟಕಿ, ಕಮಾನು, ಹಸಿರು ಮಾಡು ಎಲ್ಲ ಇವೆ. ದಿನೇಶ್ ಚಿಕ್ಕವನಿದ್ದಾಗ ಒಂದು ಕಿಟಕಿ ನುಂಗಿದ. ಅಂದೇ ಅಮ್ಮ ಅದನ್ನು ನಮ್ಮಿಂದ ಕಿತ್ತುಕೊಂಡು ದಸರಾ ಗೊಂಬೆಗಳಿಗೆ ಸೇರಿಸಿದಳು. ಆಮೇಲೆ ಪ್ರತಿ ನವರಾತ್ರಿ, ಮೆಟ್ಟಿಲುಗಳ ಕೆಳಗೆ ಮಾಡುವ ಊರಿನಲ್ಲಿ, ಅದು ಮದುವೆ ಛತ್ರ. ಎರಡು ಅಗಲ ಬಾಗಿಲು, ಪಕ್ಕದಲ್ಲೊಂದು ಗೋಪುರ. ಒಳಗೆ ಮದುವೆಯ ಗೊಂಬೆಗಳು.

ಅಮ್ಮ ಹೋಗಿ ಎರಡು ವರ್ಷ. ಗೊಂಬೆಗಳು ಅಟ್ಟದಲ್ಲೇ ಇವೆ.

ಎಡಗೈ ನೋಯುತ್ತಿದೆ. ಇಷ್ಟುದ್ದ ಬರೆಯಬಾರದಿತ್ತು.

ಆಗಸ್ಟ್ 20, ಬುಧವಾರ

ಬೆಳಗಿನಿಂದ ಒಂದೇ ಒಂದು ಕಡ್ಡಿ ನಿಲ್ಲಿಸಿದೆ.

ಆಗಸ್ಟ್ 23, ಶನಿವಾರ

ಮೊದಲ ಸಾಲಿನ ಕಡ್ಡಿಗಳು ನಿಂತಿವೆ. ಇಟ್ಟಿಗೆ ಹಿಡಿದರೆ ಜಾರುತ್ತದೆ. ಬಿದ್ದರೆ ನೆಲದಿಂದ ಎತ್ತುವುದೇ ಇನ್ನೊಂದು ವ್ಯಾಯಾಮ.

ಸಪ್ಪಲಮ್ಮ ಪಲ್ಯ ತಂದರು. ನಾನು ನೆಲದ ಮೇಲೆ ಕೂತಿದ್ದೆ, ಏಳಲು ತಡವಾಯಿತು, ಅವರೇ ಒಳಗೆ ಬಂದುಬಿಟ್ಟರು. ಏನಿದು ಎಂದು ಕೇಳಿದರು. ಕೇಳಿ ಕೂತೂಬಿಟ್ಟರು. ಮಂಚದಡಿಗೆ ಉರುಳಿದ್ದ ಇಟ್ಟಿಗೆಗಳನ್ನು ಪೊರಕೆ ಕಡ್ಡಿಯಿಂದ ಎಳೆದು ಕೊಟ್ಟರು.

"ನಾನೇ ಹಾಕ್ಕೊಡ್ಲಾ ಮೇಡಂ?"

ಬೇಡ, ನನ್ನ ಕೈಯೇ ಹಾಕಬೇಕು ಎಂದೆ. ಹಾಗಾದರೆ ನಾನು ಬಯ್ಯುವುದಕ್ಕೆ ಇರುತ್ತೇನೆ ಎಂದು ಕೂತರು. ಇಟ್ಟಿಗೆ ಬಿದ್ದಾಗಲೆಲ್ಲ ನನ್ನ ಪರವಾಗಿ ಅದನ್ನು ಬಯ್ದರು. ನನಗೆ ಗೊತ್ತಿಲ್ಲದ ಕೆಲವು ಪದಗಳು ಸಿಕ್ಕವು.

ಆಗಸ್ಟ್ 28, ಗುರುವಾರ

ನಿನ್ನೆ ಗಣೇಶನ ಹಬ್ಬಕ್ಕೆ ದಿನೇಶ್ ಕಡಬು ತಂದಿದ್ದ. ಉಪ್ಪಿನಕಾಯಿ ಬಾಟಲಿ ಮುಂದಿಟ್ಟು ತೆಗೆ ಎಂದ. ಬೆರಳುಗಳು ಮುಚ್ಚಳವನ್ನು ಸುತ್ತಿಕೊಂಡವು, ಅಷ್ಟೇ. ತಿರುಗಿಸುವ ಬಲ ಎಲ್ಲಿಂದ ಬರುತ್ತಿತ್ತೆಂದು ಕೈಗೆ ಮರೆತುಹೋಗಿದೆ. ಅವನು ಕೋಣೆಗೆ ಮಂಚ ಬಂತು ಎಂದಷ್ಟೇ ಹೇಳಿದ.

ಅದಕ್ಕೋ ಏನೋ, ಬಾಯಿಂದ ಬಂದುಬಿಟ್ಟಿತು: ಈ ಸಲ ಗೊಂಬೆ ಕೂರಿಸುತ್ತೇನೆ, ನೀವೆಲ್ಲ ಇಲ್ಲಿಗೆ ಬನ್ನಿ ಎಂದು.

"ಯಾರು ಕೂರಿಸೋದು?"

"ನಾನು."

"ಒಂದು ಕೈಯಲ್ಲಾ?"

ಅವನು ಹೋದಮೇಲೆ ನಾಲ್ಕು ಸಾಲು ಇಟ್ಟಿಗೆ ಇಳಿಸಿದೆ. ಸಿಟ್ಟು ಬೆರಳಿಗೆ ಒಳ್ಳೆಯದು.

ಸೆಪ್ಟೆಂಬರ್ 4, ಗುರುವಾರ

ಛತ್ರ ಎದ್ದು ನಿಂತಿತು.

ಬೆಳಿಗ್ಗೆಯಿಂದ ಬಿಸಿಲು ಚೆನ್ನಾಗಿತ್ತು. ಕಿಟಕಿ ಪಕ್ಕಕ್ಕೆ ಪೀಠ ಎಳೆದುಕೊಂಡು ಗೋಪುರದ ಕೊನೆಯ ಸಾಲು ಮುಗಿಸಿದೆ. ಕೆಲವು ಕಡ್ಡಿಗಳು ತುಕ್ಕು ಹಿಡಿದು ಮುರಿದಿದ್ದವು. ಕೆಳಗಿನ ಮನೆಯ ದಾಸಪ್ಪನವರು, ಸಪ್ಪಲಮ್ಮನ ಯಜಮಾನರು, ಸೈಕಲ್ಲಿನ ಸ್ಪೋಕ್‌ಗಳನ್ನು ಕತ್ತರಿಸಿ ತಂದುಕೊಟ್ಟರು. ಸರಿಯಾಗಿ ಹೊಂದಿದವು. ಅವರು ಅಗ್ನಿಶಾಮಕ ದಳದಲ್ಲಿದ್ದು ನಿವೃತ್ತರಾದವರು, ಕಡಿಮೆ ಮಾತು. ನಮ್ಮಿಬ್ಬರ ಸಂಭಾಷಣೆ "ಸಾಕಾ ಮೇಡಂ?" "ಸಾಕು" ಎಂಬಲ್ಲಿಗೆ ಮುಗಿಯಿತು. ಇಬ್ಬರಿಗೂ ಸಮಾಧಾನ.

ಬಾಗಿಲ ಮೇಲೆ ಸಣ್ಣದೊಂದು ಫಲಕ. ಅದಕ್ಕೆ ಅಮ್ಮ ಅಂಟಿಸಿದ ಕಾಗದ, ಅವಳ ಅಕ್ಷರ: "ಶುಭಮಸ್ತು". ಡಬ್ಬಿಯ ತಳದಲ್ಲಿ ಒಂದಷ್ಟು ಕೆಂಪು ತುಂಡುಗಳು ಉಳಿದವು. ಅಮ್ಮ ಅವನ್ನು ಎಂದೂ ಬಳಸಿರಲಿಲ್ಲ, ನಾನೂ ಬಿಟ್ಟೆ. ಮೇಲುಗಡೆ ಒಂದು ಕಿಟಕಿ ಕಡಿಮೆ. ಅದು ಎಲ್ಲಿ ಹೋಯಿತೆಂದು ಗೊತ್ತು.

ಸಂಜೆ ನಾರ್ವೆಯ ಕಾದಂಬರಿಯೊಂದರ ಕನ್ನಡ ಅನುವಾದ ಓದುತ್ತಿದ್ದೆ. ಎಪ್ಪತ್ತನೇ ಪುಟದಲ್ಲಿ, ಹಿಮ ಬೀಳುವ ಹೊತ್ತಿಗೆ, ಮೀನುಗಾರನ ಮುದಿ ತಾಯಿ ಚಕ್ಕುಲಿ ತಿನ್ನುತ್ತಾಳೆ. ಮೂಲದಲ್ಲಿ ಏನಿತ್ತೋ, ಚಕ್ಕುಲಿಯಂತೂ ಇರಲಾರದು. ಓದುಗರಿಗೆ ಸುಲಭವಾಗಲೆಂದು ಹೀಗೆ ಮಾಡುವವರನ್ನು ನಾನು ಕ್ಷಮಿಸುವುದಿಲ್ಲ. ಪುಟದಂಚಿನಲ್ಲಿ ಪೆನ್ಸಿಲಿನಿಂದ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಚ್ಚಿಟ್ಟೆ.

ಬಲಗೈ ತೋರುಬೆರಳಿಗೆ ಶಾಯಿ ಮೆತ್ತಿದೆ. ತೊಳೆದರೂ ಹೋಗುತ್ತಿಲ್ಲ. ಪೆನ್ನು ಬದಲಾಯಿಸಬೇಕು.

ಸೆಪ್ಟೆಂಬರ್ 9, ಮಂಗಳವಾರ

ದಾಸಪ್ಪನವರು ಏಣಿ ಹಾಕಿ ಗೊಂಬೆಗಳ ಟ್ರಂಕನ್ನು ಅಟ್ಟದಿಂದ ಇಳಿಸಿದರು. ಏಣಿ ಹತ್ತುವುದನ್ನು ನೋಡಿದರೆ ಎಪ್ಪತ್ತರ ಹತ್ತಿರದವರೆನ್ನಲಾಗದು. ಕೆಳಗೆ ಏಣಿ ಹಿಡಿದಿದ್ದ ಸಪ್ಪಲಮ್ಮ, "ಮನೇಲಿ ಒಂದು ಬಲ್ಬ್ ಹಾಕು ಅಂದ್ರೆ ಮಂಡಿನೋವು ಅಂತಾರೆ" ಎಂದರು.

ಅಮ್ಮ ಪ್ರತಿ ಗೊಂಬೆಯನ್ನೂ ಹಳೆ ಪಂಚೆಯ ಚೂರಿನಲ್ಲಿ ಸುತ್ತಿದ್ದಾಳೆ. ಪಟ್ಟದ ಗೊಂಬೆಗಳು, ಅಂದರೆ ಅಮ್ಮನಿಗೆ ಮದುವೆಯಲ್ಲಿ ಕೊಟ್ಟ ಮರದ ರಾಜ ರಾಣಿ, ಎಲ್ಲಕ್ಕಿಂತ ಮೇಲಿದ್ದವು. ಅವರನ್ನು ಕೂರಿಸುವ, ರವಿಕೆ ಬಟ್ಟೆ ಹೊದಿಸಿ ಹೊಲಿದ ಹಲಗೆಯೂ ಇತ್ತು. ಬಟ್ಟೆ ಪಿಸಿದುಹೋಗಿತ್ತು. ಬದಲಾಯಿಸೋಣವೆಂದು ಹೊಲಿಗೆ ಬಿಚ್ಚಿದೆ.

ಅದು ಹಲಗೆಯಲ್ಲ. ಆಟದ ಸಾಮಾನಿನ ಪೆಟ್ಟಿಗೆಯ ಮುಚ್ಚಳ. ಅದರ ಮೇಲೆ ಬಣ್ಣದ ಚಿತ್ರ: ಎರಡು ಅಗಲ ಬಾಗಿಲು, ಪಕ್ಕದಲ್ಲಿ ಗೋಪುರ, ಹಸಿರು ಮಾಡು. ಬಾಗಿಲುಗಳು ಕೆಂಪು. ಒಂದು ಬಾಗಿಲು ತೆರೆದಿದೆ. ಒಳಗಿನಿಂದ ಬೆಂಕಿ ಆರಿಸುವ ಗಾಡಿ ಹೊರಗೆ ಬರುತ್ತಿದೆ.

ಅಮ್ಮ ಅರ್ಧ ಶತಮಾನ ಅಗ್ನಿಶಾಮಕ ಠಾಣೆಯಲ್ಲಿ ಮದುವೆ ಮಾಡಿಸಿದ್ದಾಳೆ.

ಸೆಪ್ಟೆಂಬರ್ 10, ಬುಧವಾರ

ಗೊತ್ತಿಲ್ಲದೆ ತಪ್ಪು ಮಾಡುವುದು ಬೇರೆ. ಗೊತ್ತಾದ ಮೇಲೂ ಮಾಡುವುದು ಬೇರೆ. ಛತ್ರವನ್ನು ಬಿಚ್ಚಿದೆ.

ಇಟ್ಟಿಗೆಗಳನ್ನು ಬಣ್ಣದ ಪ್ರಕಾರ ತಟ್ಟೆಗಳಲ್ಲಿ ವಿಂಗಡಿಸಿಟ್ಟಿದ್ದೇನೆ. ಚಿತ್ರದಲ್ಲಿರುವಂತೆಯೇ ಕಟ್ಟುತ್ತೇನೆ. ನವರಾತ್ರಿ ಹತ್ತಿರ ಬಂತೆಂದು ಸಪ್ಪಲಮ್ಮ ತಲೆಮೇಲೆ ಕೈಹೊತ್ತು ಕೂತರು. ನಿಂತಿದ್ದ ಮನೆಯನ್ನು ಕೆಡವುವುದೆಂದರೇನು ಎಂದು ಕೇಳಿದರು. ಅದು ಮನೆಯಲ್ಲ, ಅದೇ ವಿಷಯ ಎಂದೆ. ಅವರಿಗೆ ಹಿಡಿಸಲಿಲ್ಲ.

ಸೆಪ್ಟೆಂಬರ್ 14, ಭಾನುವಾರ

ಠಾಣೆ ಮುಗಿಯಿತು. ಛತ್ರಕ್ಕೆ ಹಿಡಿದ ಸಮಯದ ಅರ್ಧವೂ ಆಗಲಿಲ್ಲ. ಕೆಂಪು ತುಂಡುಗಳೆಲ್ಲ ಮಡಚುವ ಬಾಗಿಲಿನ ರೆಕ್ಕೆಗಳು. ಅವುಗಳ ಕೀಲಿಗೆ ಸೂಜಿಗಿಂತ ಸಣ್ಣ ಮೊಳೆ ಹಾಕಬೇಕು. ಹಾಕಿದೆ. ಬಾಗಿಲು ತೆರೆಯುತ್ತದೆ, ಮುಚ್ಚುತ್ತದೆ.

ಚಿತ್ರದ ಪಕ್ಕ ಇಟ್ಟು ನೋಡಿದೆ. ಒಂದು ಕಿಟಕಿ ಬಿಟ್ಟರೆ ಎಲ್ಲ ಸರಿಯಾಗಿದೆ. ಎಷ್ಟು ಹೊತ್ತು ನೋಡಿದರೂ ಏನೂ ಅನಿಸಲಿಲ್ಲ. ಮದುಮಗ, ಮದುಮಗಳು, ಪುರೋಹಿತರು, ವಾಲಗದವರು, ಊಟಕ್ಕೆ ಕೂತ ಸಾಲು, ಎಲ್ಲರೂ ಪಂಚೆಯ ಚೂರುಗಳಿಂದ ಹೊರಬಂದು ಕಪಾಟಿನ ಅಂಚಿನಲ್ಲಿ ನಿಂತಿದ್ದಾರೆ, ಛತ್ರ ಸಿಗದ ಬೀಗರ ಹಾಗೆ.

ಉಳಿದದ್ದು ಫಲಕ. ಅಮ್ಮನ ಕಾಗದ ಕಿತ್ತರೆ ಒಳಗೆ ಮೂಲದ ಬರಹ ಇರಬೇಕು. ಒಂದು ಮೂಲೆಗೆ ಉಗುರು ಹಾಕಿದೆ. ಕಾಗದ ಸ್ವಲ್ಪ ಎದ್ದಿತು. "ಶು" ಅಕ್ಷರದ ಕೊಂಬಿನ ತನಕ.

ಅಲ್ಲಿಗೇ ಬಿಟ್ಟಿದ್ದೇನೆ.

ಸೆಪ್ಟೆಂಬರ್ 15, ಸೋಮವಾರ

ಇವತ್ತು ನಡೆದದ್ದನ್ನು ಪೂರ್ತಿ ಬರೆಯಬೇಕು.

ಸಂಜೆ ಸಪ್ಪಲಮ್ಮನ ಜೊತೆ ಬಂದ ದಾಸಪ್ಪನವರಿಗೆ ಠಾಣೆ ತೋರಿಸಿದೆ. ಮೂವತ್ತು ವರ್ಷ ಅಲ್ಲೇ ಇದ್ದವರು, ಮೆಚ್ಚುತ್ತಾರೆಂದುಕೊಂಡಿದ್ದೆ. ಅವರು ಬಗ್ಗಿ ಬಾಗಿಲು ತೆರೆದರು, ಮುಚ್ಚಿದರು, ಚೆನ್ನಾಗಿದೆ ಎಂದರು. ಆಮೇಲೆ ಕಪಾಟಿನಲ್ಲಿ ನಿಂತಿದ್ದ ಮದುವೆಯವರನ್ನು ನೋಡಿ, ಇವರನ್ನು ಎಲ್ಲಿಡುತ್ತೀರಿ ಎಂದು ಕೇಳಿದರು. ಈ ವರ್ಷ ಮದುವೆ ಇಲ್ಲ, ಅಮ್ಮ ಗೊತ್ತಿಲ್ಲದೆ ಠಾಣೆಯಲ್ಲಿ ಮಾಡಿಸುತ್ತಿದ್ದಳು, ಠಾಣೆಯಲ್ಲಿ ಎಲ್ಲಾದರೂ ಮದುವೆ ಆಗುತ್ತದೆಯೇ ಎಂದೆ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಸಪ್ಪಲಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುವುದಕ್ಕೆ ಶುರುಮಾಡಿದರು.

"ನಮ್ದು ಆಗಿದ್ದೇ ಅಲ್ಲಿ ಮೇಡಂ" ಎಂದರು ದಾಸಪ್ಪನವರು.

ಆಗ ಅವರು ತುಮಕೂರು ಕಡೆಯ ಒಂದು ಸಣ್ಣ ಠಾಣೆಯಲ್ಲಿದ್ದರಂತೆ. ಗೊತ್ತುಮಾಡಿದ್ದ ಛತ್ರವನ್ನು ಇನ್ಯಾರಿಗೋ ಕೊಟ್ಟುಬಿಟ್ಟಿದ್ದರು. ಹೆಣ್ಣಿನ ಕಡೆಯವರು ಲಾರಿಯಲ್ಲಿ ಬಂದು ಇಳಿದಾಗಿದೆ. ಠಾಣೆಯ ಅಧಿಕಾರಿ ಗಾಡಿಗಳೆರಡನ್ನೂ ರಸ್ತೆಗೆ ತೆಗೆಸಿ, ಅವು ನಿಲ್ಲುವ ಜಾಗ ತೊಳೆಸಿ, ಅಲ್ಲೇ ಧಾರೆ ಮುಗಿಸಿ, ಅಲ್ಲೇ ಎಲೆ ಹಾಕಿಸಿದರು. ಇಲ್ಲಿಂದ ಮುಂದಿನದನ್ನು ಸಪ್ಪಲಮ್ಮ ಹೇಳಿದರು. ಗಂಡನಿಗೆ ಹೇಳಲು ಬಿಡಲಿಲ್ಲ.

"ಪಾಯಸ ಬಡಿಸ್ತಾ ಇದ್ರು ಮೇಡಂ. ಬೆಲ್ ಹೊಡೀತು. ಇವರ ಕಡೆಯೋರು ಅರ್ಧ ಜನ ಎಲೆ ಬಿಟ್ಟು ಎದ್ದೋದ್ರು. ಪಕ್ಕಕ್ಕೆ ತಿರುಗಿ ನೋಡ್ತೀನಿ, ಗಂಡೂ ಇಲ್ಲ."

"ಅಭ್ಯಾಸ" ಎಂದರು ದಾಸಪ್ಪನವರು.

"ರಜಾ ಹಾಕಿದ್ರು ಮೇಡಂ ಇವರು. ರಜಾ ಹಾಕ್ಕೊಂಡೂ ಓಡೋದ್ರು. ಬಾಸಿಂಗ ಕಟ್ಕೊಂಡು."

ಯಾರದೋ ಹುಲ್ಲಿನ ಬಣವೆಗೆ ಬೆಂಕಿ ಬಿದ್ದಿತ್ತು. ಆರಿಸಿ ಬರುವ ಹೊತ್ತಿಗೆ ರೇಷ್ಮೆ ಪಂಚೆ ಮಸಿಯಾಗಿತ್ತು. ಹೆಣ್ಣಿನ ತಾತ ಈ ಮದುವೆಯೇ ಬೇಡವೆಂದು ಲಾರಿ ಹತ್ತಿ ಕೂತಿದ್ದನಂತೆ. ಮದುಮಗಳು ಮಾತ್ರ ಪಕ್ಕದ ಎಲೆಯ ಪಾಯಸಕ್ಕೆ ನೊಣ ಕೂರದ ಹಾಗೆ ಬೀಸುತ್ತ ಕೂತಿದ್ದಳು.

"ಆ ಪಾಯಸ ಕುಡಿದ್ರಾ?" ಎಂದು ಕೇಳಿದೆ. ನಾನು ಸಾಮಾನ್ಯವಾಗಿ ಇಂಥದ್ದನ್ನು ಕೇಳುವವಳಲ್ಲ.

"ಮಸಿ ಕೈಯಲ್ಲೇ ಕುಡಿದ್ರು. ಕುಡಿದು, ಇನ್ನೂ ಇದ್ಯಾ ಅಂದ್ರು."

ನಕ್ಕು ನಕ್ಕು ಪಕ್ಕೆ ನೋಯಿತು. ಈ ಮನೆಯಲ್ಲಿ ಇಷ್ಟು ಜೋರಾಗಿ ಯಾರೂ ನಕ್ಕಿಲ್ಲ. ಎದುರುಮನೆಯವರು ಕಿಟಕಿ ತೆರೆದು ನೋಡಿದರು.

ಅವರು ಹೋದಮೇಲೆ "ಶು" ಅಕ್ಷರದ ಮೂಲೆಗೆ ಗೋಂದು ಹಚ್ಚಿ ಒತ್ತಿದೆ. ಒಣಗುವ ತನಕ ಬೆರಳಿನಿಂದ ಹಿಡಿದು ಕೂತಿದ್ದೆ.

ಸೆಪ್ಟೆಂಬರ್ 18, ಗುರುವಾರ

ಮೂರನೆಯ ಸಲ ಕಟ್ಟಿದ್ದಕ್ಕೆ ಒಂದೂವರೆ ದಿನ ಸಾಕಾಯಿತು. ಗೋಡೆಗಳು, ಗೋಪುರ ಎರಡಕ್ಕೂ ಒಂದೇ ಆದ್ದರಿಂದ ಮುಂಭಾಗ ಮಾತ್ರ ಬದಲಾಯಿಸುವುದಿತ್ತು. ಕೆಂಪು ಬಾಗಿಲುಗಳನ್ನು ಹಾಗೇ ಉಳಿಸಿಕೊಂಡೆ. ಎರಡನ್ನೂ ಪೂರ್ತಿ ತೆರೆದಿಟ್ಟರೆ ಛತ್ರಕ್ಕೇ ಒಂದು ಗತ್ತು. ಮುಂದೆ ಚಪ್ಪರ. ಸಪ್ಪಲಮ್ಮ ಊದುಬತ್ತಿ ಕಡ್ಡಿಗಳ ಕಂಬ ನಿಲ್ಲಿಸಿ ತೆಂಗಿನ ಗರಿಯ ಚೂರು ಹೊದಿಸಿದರು. ಕನಕಾಂಬರದ ಮೊಗ್ಗುಗಳನ್ನಷ್ಟೇ ಪೋಣಿಸಿ ಬಾಗಿಲಿಗೆ ತೋರಣ ಮಾಡಿದರು. ಗಂಟು ಹಾಕುವಾಗ ದಾರದ ಇನ್ನೊಂದು ತುದಿ ನಾನು ಹಿಡಿದಿದ್ದೆ.

ಗೊಂಬೆಗಳ ಊರಿನ ಪಾರ್ಕಿಗೆಂದು ಎರಡು ತಟ್ಟೆಯಲ್ಲಿ ರಾಗಿ ಮೊಳಕೆ ಹಾಕಿದ್ದು ಹಸಿರಾಗಿದೆ.

ಸಮನ್ವಿತಾ ಫೋನ್ ಮಾಡಿದಳು. ಎರಡು ಸಲ ನಾನು ಕ್ಲಿನಿಕ್ಕಿಗೆ ಹೋಗಿಲ್ಲವಂತೆ. ಕೆಲಸವಿತ್ತು, ಮರೆತೆ ಎಂದೆ. ವ್ಯಾಯಾಮ ಮಾಡುತ್ತಿದ್ದೀರಾ ಎಂದು ಕೇಳಿದಳು. ಈ ವಾರ ಒಂದೂ ಮಾಡಿಲ್ಲ. ಹಾಗೇ ಹೇಳಿದೆ. ಸುಳ್ಳು ಹೇಳಿ ಏನು ಪ್ರಯೋಜನ. ದಸರಾ ಬಂತು, ದಿನೇಶ್ ಕೇಳಿದರೆ ಏನು ಹೇಳಲಿ?

ಸೆಪ್ಟೆಂಬರ್ 22, ಸೋಮವಾರ

ಇವತ್ತು ಪಾಡ್ಯ. ಗೊಂಬೆ ಕೂರಿಸಿದೆವು.

ರಾಜ ರಾಣಿಯರ ಹಲಗೆಗೆ ಹೊಸ ಬಟ್ಟೆ ಹೊದಿಸಿದ್ದೇನೆ. ಮುಚ್ಚಳವೇ. ಚಿತ್ರ ಕೆಳಮುಖವಾಗಿದೆ, ಮೊದಲಿನಂತೆ. ಮೆಟ್ಟಿಲಿಗೆ ಏನೂ ಸಿಗದಾಗ ದೊಡ್ಡ ದೊಡ್ಡ ಪುಸ್ತಕಗಳನ್ನು ಪೇರಿಸಿ ಮೇಲೆ ಬಿಳಿ ಪಂಚೆ ಹಾಸಿದೆ. ರಷ್ಯನ್ನರು ಗಟ್ಟಿ, ಎಲ್ಲಕ್ಕಿಂತ ಕೆಳಗೆ ಅವರು.

ಪ್ರತಿ ವರ್ಷ ಒಂದು ಹೊಸ ಗೊಂಬೆ ಸೇರಬೇಕು. ತರುವುದಕ್ಕೆ ಮರೆತಿದ್ದೆ. ದಾಸಪ್ಪನವರು ಕೆಳಗೆ ಹೋಗಿ ಪೇಪರಿನಲ್ಲಿ ಸುತ್ತಿದ್ದ ಏನನ್ನೋ ತಂದರು. ನಿವೃತ್ತಿಯ ದಿನ ಜೊತೆಯವರು ಕೊಟ್ಟ, ಅಂಗೈಯಷ್ಟು ಉದ್ದದ ಕೆಂಪು ಗಾಡಿ. ಏಣಿ, ಗಂಟೆ ಎಲ್ಲ ಇದೆ. ತಮ್ಮ ಮನೆಯಲ್ಲಿ ಗೊಂಬೆ ಕೂರಿಸುವ ಪದ್ಧತಿಯಿಲ್ಲ, ಬುದ್ಧನ ಪಟದ ಪಕ್ಕ ಸುಮ್ಮನೆ ನಿಂತಿರುತ್ತದೆ, ಇಲ್ಲಿ ಡ್ಯೂಟಿ ಮಾಡಲಿ ಎಂದರು. ದೊಡ್ಡ ಚಪ್ಪರ ಹಾಕಿದ ಕಡೆ ಗಾಡಿ ನಿಲ್ಲಿಸುವುದುಂಟಂತೆ. ಛತ್ರದ ಎಡಕ್ಕೆ, ರಾಗಿಯ ಹುಲ್ಲಿನ ಅಂಚಿನಲ್ಲಿ ನಿಲ್ಲಿಸಿದೆವು.

"ಊಟದ ಹೊತ್ತಿಗೆ ಬೆಲ್ ಹೊಡೀದಿದ್ರೆ ಸಾಕು ಅಕ್ಕ" ಎಂದರು ಸಪ್ಪಲಮ್ಮ.

ಸೆಪ್ಟೆಂಬರ್ 26, ಶುಕ್ರವಾರ

ಬರೆಯಲು ಪುರಸೊತ್ತಿಲ್ಲ. "ಗೊಂಬೆ ಕೂರ್ಸಿದೀರಾ?" ಎಂದು ಕೇಳಿಕೊಂಡು ಬೀದಿಯ ಮಕ್ಕಳು ದಂಡುದಂಡಾಗಿ ಬರುತ್ತಿದ್ದಾರೆ. ಗೊಂಬೆಗಿಂತ ಬಾಗಿನದ ತಿಂಡಿಯ ಮೇಲೆ ಅವರ ಗಮನ. ಮೊದಲ ದಿನ ಬೆಲ್ ಆದಾಗಲೆಲ್ಲ ಎದ್ದು ತೆರೆಯುತ್ತಿದ್ದೆ. ಈಗ ಸಂಜೆ ಬಾಗಿಲು ತೆರೆದೇ ಇರುತ್ತದೆ. ಚಕ್ಕುಲಿ ಖಾಲಿ. ನಾಳೆಗೆ ಮತ್ತೆ ಮಾಡಬೇಕು. ಒರಳಿನ ತಿರುಪು ಸ್ವಲ್ಪ ಬಿಗಿ, ಎಣ್ಣೆ ಹಚ್ಚಬೇಕು.

ಒಂದು ಹುಡುಗಿ ಕೇಳಿದಳು, ಮದುವೆಮನೆಗೆ ಇಷ್ಟು ದೊಡ್ಡ ಕೆಂಪು ಬಾಗಿಲು ಯಾಕೆ ಎಂದು. ಮದುಮಗ ಅವಸರವಾಗಿ ಓಡಿಹೋಗಬೇಕಾದರೆ ಇರಲಿ ಅಂತ ಎಂದೆ. ದಾಸಪ್ಪನವರು ಗೋಡೆ ಕಡೆ ತಿರುಗಿಕೊಂಡರು.

ಸೆಪ್ಟೆಂಬರ್ 29, ಸೋಮವಾರ

ಸರಸ್ವತಿ ಪೂಜೆ. ಓದುತ್ತಿದ್ದ ಪುಸ್ತಕವನ್ನೂ ಪೂಜೆಗಿಟ್ಟೆ. ವಿಜಯದಶಮಿಯ ತನಕ ಓದುವಂತಿಲ್ಲ. ಹೋದ ವರ್ಷಗಳಲ್ಲಿ ಇದೊಂದು ಶಿಕ್ಷೆಯಾಗಿತ್ತು. ಕದ್ದು ವಾರಪತ್ರಿಕೆ ಓದುತ್ತಿದ್ದೆ. ಈ ಸಲ ನೆನಪೇ ಆಗುತ್ತಿಲ್ಲ.

ಸಂಜೆ ಆರತಿಗೆ ಮನೆ ತುಂಬ ಜನ. ಸಮನ್ವಿತಾ ಕೂಡ ಬಂದಿದ್ದಳು. ಛತ್ರ ಕಟ್ಟಿದ್ದು ಯಾರೆಂದು ಕೇಳಿದಳು. ಮೂರು ಸಲ ಕಟ್ಟಿದೆ ಎಂದಾಗ ಯಾಕೋ ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ನಗುತ್ತಿದ್ದಳು. ವ್ಯಾಯಾಮ ಮಾಡದ್ದಕ್ಕೆ ಬಯ್ಯಲಿಲ್ಲ.

ಎಲ್ಲರಿಗೂ ದೊನ್ನೆಯಲ್ಲಿ ಮೊಸರನ್ನ ಕೊಟ್ಟೆವು. ಸಪ್ಪಲಮ್ಮ ಬಡಿಸುತ್ತ ನಂಚಿಕೊಳ್ಳಲು ಏನಿದೆ ಎಂದು ಕೂಗಿದರು. ಉಪ್ಪಿನಕಾಯಿ ಹಾಕಿದೆ. ಸುಧಾಮಣಿಯ ಕೈರುಚಿ ಎಲ್ಲರಿಗೂ ಹಿಡಿಸಿತು. ನನಗೆ ಉಪ್ಪು ಒಂದು ಚೂರು ಜಾಸ್ತಿ ಎನಿಸಿತು.

ಅಕ್ಟೋಬರ್ 2, ಗುರುವಾರ

ವಿಜಯದಶಮಿ. ದಿನೇಶ್, ಸುಧಾಮಣಿ ಮಧ್ಯಾಹ್ನ ಊಟಕ್ಕೆ ಬಂದರು.

ದಸರಾ ತನಕ ಎಂದು ಮಾತಾಗಿತ್ತು, ಇವತ್ತಿಗೆ ಮುಗಿಯಿತು. ಬೆಳಿಗ್ಗೆ ಎದ್ದವಳೇ ಕಪಾಟಿನ ಮುಂದೆ ನಿಂತು ಯಾವ ಪುಸ್ತಕ ಒಯ್ಯಬಹುದು, ಯಾವುದನ್ನು ಬಿಡಬೇಕು ಎಂದು ಲೆಕ್ಕ ಹಾಕಿದೆ. ಬಿಡಬಹುದಾದ್ದು ಒಂದೂ ಸಿಗಲಿಲ್ಲ.

ದಿನೇಶ್ ಗೊಂಬೆಗಳ ಮುಂದೆ ಮಂಡಿಯೂರಿ ಕೂತು ಬಹಳ ಹೊತ್ತು ಛತ್ರ ನೋಡಿದ. ಅಮ್ಮನ ಫಲಕವನ್ನು ಬೆರಳಿನಿಂದ ಮುಟ್ಟಿದ. ಆಮೇಲೆ, "ಅಕ್ಕ, ಇಲ್ಲೊಂದು ಕಿಟಕಿ ಇಲ್ಲ" ಎಂದ.

"ಅದನ್ನ ನೀನೇ ಹೇಳ್ಬೇಕು."

ಸುಧಾಮಣಿಗೆ ಈ ಕಥೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷ ಮುಚ್ಚಿಟ್ಟಿದ್ದಾರಲ್ಲ ಎಂದು ಊಟದುದ್ದಕ್ಕೂ ಅವನನ್ನು ಕಾಡಿದಳು. ಸಪ್ಪಲಮ್ಮ, ದಾಸಪ್ಪನವರೂ ನಮ್ಮ ಜೊತೆಗೇ ಕೂತಿದ್ದರು. ದಿನೇಶ್ ಮೊಸರನ್ನಕ್ಕೆ ಬಂದಾಗ ಉಪ್ಪಿನಕಾಯಿ ಬಾಟಲಿಗೆ ಕೈಚಾಚಿದ. ಚಾಚಿದ ಕೈ ಹಾಗೇ ನಿಂತಿತು. ಬಾಟಲಿ ಅರ್ಧ ಖಾಲಿ.

"ಇದನ್ನ ತೆಗೆದೋರು ಯಾರು?"

ಯೋಚಿಸಿದೆ. ನಾನು ಇಂಥದ್ದನ್ನು ಮರೆಯುವವಳಲ್ಲ. ಆದರೂ ನೆನಪಾಗಲಿಲ್ಲ. ಸಪ್ಪಲಮ್ಮ ಇರಬೇಕು ಎಂದೆ.

"ನಾನಲ್ಲ. ನಾನು ಬಡಿಸ್ತಾ ಇದ್ದೆ" ಎಂದರು ಸಪ್ಪಲಮ್ಮ. "ನೀವೇ ತೆಗೆದ್ರಲ್ಲ ಅಕ್ಕ, ಸರಸ್ವತಿ ಪೂಜೆ ದಿನ. ಆ ಎದುರುಮನೆ ಹುಡುಗಿಗೆ ಏನೋ ಹೇಳ್ತಾ ಹೇಳ್ತಾ ಟಕ್ ಅಂತ ತೆಗೆದು ಕೊಟ್ರಿ."

ದಿನೇಶ್ ಮುಚ್ಚಳ ಹಾಕಿ, ಪೂರ್ತಿ ಬಲ ಹಾಕಿ ಬಿಗಿಮಾಡಿ, ನನ್ನ ಮುಂದಿಟ್ಟ. ಎಲ್ಲರೂ ನೋಡುತ್ತಿದ್ದಾಗ ಕೈ ಆಡುವುದಿಲ್ಲವೆಂದು ಹೆದರಿದೆ. ಮೊದಲ ಸಲ ಜಾರಿತು. ಅಂಗೈಯನ್ನು ಸೀರೆಗೆ ಒರೆಸಿಕೊಂಡು ಇನ್ನೊಂದು ಸಲ ಹಿಡಿದೆ. ತಿರುಗಿತು.

ಅವನು ಮಾತಿಗೆ ತಪ್ಪಲಿಲ್ಲ. ಬಾಯಿ ಮುಚ್ಚಿಕೊಂಡು ಊಟ ಮುಗಿಸಿದ. ಕೈತೊಳೆಯುವಾಗ ಮಾತ್ರ, ನನ್ನ ಕಡೆ ನೋಡದೆ ಹೇಳಿದ: "ಕಪಾಟು ಮಾಡಿಸಿದ್ದೆ ಅಕ್ಕ ಆ ಕೋಣೇಲಿ. ನೆಲದಿಂದ ಮೇಲಿನ ತನಕ. ನಿನ್ನ ಪುಸ್ತಕಕ್ಕೆ."

ಅವನು ನನ್ನನ್ನು ಹೊರೆಯೆಂದು ಕರೆಯುತ್ತಿದ್ದಾನೆಂದುಕೊಂಡಿದ್ದೆ. ಕಪಾಟು ಮಾಡಿಸಿದ್ದಾನೆ. ಬಾಟಲಿ ತೆಗೆದ ಕೈಯಿಂದಲೇ ಅವನ ಕಿವಿ ಹಿಡಿದು ಹಿಂಡಿದೆ. ಐವತ್ತೇಳರ ಗಂಡಸು "ಅಯ್ಯೋ ನೋವು" ಎಂದ. ಅದು ನನಗೆ ಸಿಕ್ಕ ಎರಡನೇ ಸರ್ಟಿಫಿಕೇಟು.

ಭಾನುವಾರಗಳಿಗೆ ಅಲ್ಲಿ ಓದಲು ಒಂದಷ್ಟು ಪುಸ್ತಕ ಇಡುತ್ತೇನೆಂದು ಹೇಳಿದೆ. ಯಾವುದನ್ನು ಎಂದು ಬೆಳಿಗ್ಗೆ ತೋಚದಿದ್ದದ್ದು ಈಗ ಸುಲಭವಾಗಿ ಹೊಳೆಯಿತು. ಎರಡೆರಡು ಸಲ ಓದುವಂಥವು ಅಲ್ಲಿಗೆ.

ಸಂಜೆ ಆರತಿ ಮಾಡಿ ರಾಜ ರಾಣಿಯರನ್ನು ಮಲಗಿಸಿದೆ. ಮೊದಲು ರಾಣಿ, ಆಮೇಲೆ ರಾಜ. ಅಮ್ಮನದು ಅದೇ ಕ್ರಮ.

ಅಕ್ಟೋಬರ್ 5, ಭಾನುವಾರ

ಗೊಂಬೆಗಳೆಲ್ಲ ಟ್ರಂಕಿಗೆ ಹೋದವು. ಮದುವೆಯವರನ್ನು ಕೊನೆಗೆ ಸುತ್ತಿದೆ. ಛತ್ರ ಬಿಚ್ಚಲು ಕೂತು ಮೊದಲ ಕಡ್ಡಿ ಎಳೆದೆ, ಮತ್ತೆ ಇಳಿಸಿದೆ. ಕಪಾಟಿನಲ್ಲಿ ನಾರ್ವೆಯವರ ಪಕ್ಕ ಜಾಗ ಮಾಡಿ ಅದನ್ನು ಹಾಗೆಯೇ ಇಟ್ಟಿದ್ದೇನೆ. ದಾಸಪ್ಪನವರ ಗಾಡಿಯನ್ನು ಒಳಗೆ ನಿಲ್ಲಿಸಿ ನೋಡಿದೆ. ಅಳತೆ ಮಾಡಿಸಿದ ಹಾಗೆ ಹೊಂದಿತು. ಮುಂದಿನ ದಸರಾ ತನಕ ಠಾಣೆ. ಚಪ್ಪರ ಮಾತ್ರ ಇರಲಿ. ತೋರಣ ಒಣಗಿದೆ, ಇರಲಿ.

ಅರ್ಧಕ್ಕೆ ಬಿಟ್ಟಿದ್ದ ಕಾದಂಬರಿ ಮುಂದುವರಿಸಿದೆ. ಎಪ್ಪತ್ತನೇ ಪುಟದ ಪ್ರಶ್ನಾರ್ಥಕ ಚಿಹ್ನೆಯನ್ನು ರಬ್ಬರಿನಿಂದ ಅಳಿಸಿದೆ. ಹೊರಗೆ ಹಿಮ ಬೀಳುತ್ತಿದೆ, ಮಗ ಸಮುದ್ರಕ್ಕೆ ಹೋಗಿದ್ದಾನೆ, ಮುದುಕಿ ಒಬ್ಬಳೇ ಇದ್ದಾಳೆ. ಚಕ್ಕುಲಿ ತಿಂದರೆ ತಿನ್ನಲಿ.

ಕೆಳಗಿನಿಂದ ಸಪ್ಪಲಮ್ಮ ಕೂಗುತ್ತಿದ್ದಾರೆ. ಬಸ್ಸಾರು ಆಗಿದೆಯಂತೆ, ತಟ್ಟೆ ಹಾಕಿದೆಯಂತೆ. ಅವರದೊಂದು ಪಾತ್ರೆ ನನ್ನಲ್ಲೇ ಉಳಿದಿದೆ. ಒಯ್ಯುತ್ತೇನೆ, ಸಕ್ಕರೆ ಹಾಕದೆ.